ರೇಸ್ ಕುದುರೆ ಇಟ್ಟುಕೊಂಡವನ ಲೆಕ್ಕ

ರೇಸ್ ಕುದುರೆಯಲ್ಲಿ ಪಾಲು ಬೇಕು ಅಂತ ಬರುವವರನ್ನು ನಾನು ಮೊದಲು ಕೇಳುವುದು ಇಷ್ಟೇ: ‘ಈ ದುಡ್ಡು ಒಂದು ರೂಪಾಯಿಯೂ ವಾಪಸ್ ಬರಲಿಲ್ಲ ಅಂದುಕೊಳ್ಳಿ. ಮಕ್ಕಳ ಫೀಸು, ಮನೆ ಸಾಲದ ಕಂತು, ಅಪ್ಪ ಅಮ್ಮನ ಔಷಧಿ ಎಲ್ಲ ನಡೆಯುತ್ತದಾ?’ ‘ನಡೆಯುತ್ತದೆ’ ಅಂದವರ ಜೊತೆ ಮಾತು ಮುಂದುವರಿಸುತ್ತೇನೆ. ಉತ್ತರ ಹೇಳುವ ಮುಂಚೆ ತಡವರಿಸಿದವರಿಗೆ ಒಂದು ಬೆಳಗ್ಗೆ ಟ್ರ್ಯಾಕ್ ತೋರಿಸಿ, ಕಾಫಿ ಕುಡಿಸಿ ಕಳಿಸುತ್ತೇನೆ. ಬೆಂಗಳೂರು, ಮೈಸೂರು ರೇಸ್‌ಕೋರ್ಸ್‌ಗಳಲ್ಲಿ ಮಾಲೀಕನಾಗಿ ಓಡಾಡಿಕೊಂಡು, ಆಮೇಲೆ ಸಣ್ಣ ಸಣ್ಣ ಪಾಲುದಾರರನ್ನು ಸೇರಿಸಿ ಸಿಂಡಿಕೇಟ್ ಕಟ್ಟುತ್ತಾ ಬಂದವನು ನಾನು. ಪಾಲುದಾರನಿಗೆ ಸತ್ಯ ಹೇಳಿದರೆ ಅವನು ಉಳಿಯುತ್ತಾನೆ, ಸುಳ್ಳು ಆಸೆ ತೋರಿಸಿದರೆ ಒಂದೇ ಸೀಸನ್‌ನಲ್ಲಿ ಓಡಿಹೋಗುತ್ತಾನೆ ಎಂಬುದನ್ನು ಕಣ್ಣಾರೆ ಕಂಡಿದ್ದೇನೆ. ಓಡಿಹೋದವನು ಕುದುರೆಯ ಖರ್ಚನ್ನೂ ಅರ್ಧಕ್ಕೇ ಬಿಟ್ಟು ಹೋಗುತ್ತಾನೆ. ಆಗ ಕಷ್ಟ ಕುದುರೆಗೆ.

‘ರೇಸ್’ ಅಂದ ಕೂಡಲೇ ನಮ್ಮ ಜನರ ಕಣ್ಣ ಮುಂದೆ ಬರುವುದು ಮನೆ ಮಾರಿದವರ ಕಥೆ. ಆ ಕಥೆಗಳು ಸುಳ್ಳಲ್ಲ. ಆದರೆ ಬೆಟ್ ಕಟ್ಟುವವನ ದಾರಿ ಬೇರೆ, ಕುದುರೆ ಸಾಕುವವನ ದಾರಿ ಬೇರೆ. ಬೆಟ್ ಕಟ್ಟುವವನಿಗೆ ರೇಸ್ ಮುಗಿಯುವುದು ಒಂದೂಕಾಲು ನಿಮಿಷದಲ್ಲಿ. ನನಗೆ ಅದೇ ರೇಸ್ ಶುರುವಾಗುವುದು ಎರಡು ವರ್ಷ ಮುಂಚೆ, ರೇಸ್ ಕುದುರೆಯ ಮರಿ ಬೆಳೆಸುವ ಯಾವುದೋ ಸ್ಟಡ್ ಫಾರ್ಮ್‌ನ ಹುಲ್ಲಿನ ಮೇಲೆ ತಾಯಿಯ ಹಿಂದೆ ಓಡುವ ಮರಿಯನ್ನು ನೋಡಿದಾಗ. ಕುದುರೆ ಪಂದ್ಯ ಕೌಶಲದ ಆಟ, ಬರೀ ಅದೃಷ್ಟದ್ದಲ್ಲ ಎಂದು ಸುಪ್ರೀಂ ಕೋರ್ಟ್ 1996ರಲ್ಲಿ ಡಾ. ಕೆ.ಆರ್. ಲಕ್ಷ್ಮಣನ್ ಪ್ರಕರಣದಲ್ಲಿ ಹೇಳಿತು. ಕುದುರೆಯ ತಳಿ, ತರಬೇತಿ, ಸವಾರನ ಚಾಕಚಕ್ಯತೆ ಇವೆಲ್ಲ ಸೇರಿ ಫಲಿತಾಂಶ ಬರುತ್ತದೆ ಎಂಬ ಮಾತು ನಮ್ಮಂಥವರಿಗೆ ಹೊಸದೇನಲ್ಲ. ದಿನಾ ಅದನ್ನೇ ನೋಡುತ್ತಿರುತ್ತೇವೆ.

ಒಂದು ಕಾಲಕ್ಕೆ ಕುದುರೆ ಇಟ್ಟುಕೊಳ್ಳುವುದು ಅರಮನೆಯವರ ಕೆಲಸ. 1943ರಲ್ಲಿ ಮುಂಬೈನ ಮಹಾಲಕ್ಷ್ಮಿಯಲ್ಲಿ ಮೊದಲ ಇಂಡಿಯನ್ ಡರ್ಬಿ ಗೆದ್ದ ‘ಪ್ರಿನ್ಸೆಸ್ ಬ್ಯೂಟಿಫುಲ್’ ಬರೋಡಾ ಮಹಾರಾಜರ ಹೆಣ್ಣು ಕುದುರೆ. ಸಂಸ್ಥಾನಗಳು ಹೋದ ಮೇಲೆ ಉದ್ಯಮಿಗಳು ಬಂದರು. ಚೆಟ್ಟಿನಾಡಿನ ಎಂ.ಎ.ಎಂ. ರಾಮಸ್ವಾಮಿಯವರಂತೂ ಡರ್ಬಿಯಂಥ ನೂರಾರು ಕ್ಲಾಸಿಕ್ ರೇಸ್‌ಗಳನ್ನು ಗೆದ್ದರು. ನನ್ನಂಥವನಿಗೆ ಅದು ಕನಸಿನಲ್ಲೂ ಎಟುಕದ ಮಾತು. ನಾನು ಶುರು ಮಾಡಿದ್ದೇ ಸ್ನೇಹಿತರ ಕುದುರೆಯೊಂದರಲ್ಲಿ ಕಾಲು ಪಾಲಿನಿಂದ. ಒಂದು ಅಂಗಡಿ, ಒಂದು ಕ್ಲಿನಿಕ್, ಒಂದು ಸಾಫ್ಟ್‌ವೇರ್ ಕೆಲಸ ಇಟ್ಟುಕೊಂಡವರೂ ಕೂಡಿದರೆ ಒಳ್ಳೆಯ ಕುದುರೆ ಸಾಕಬಹುದು ಅನ್ನುವುದು ಆ ಕಾಲು ಪಾಲಿನಲ್ಲೇ ತಿಳಿಯಿತು.

ಕುದುರೆ ಆರಿಸುವ ವಿಷಯಕ್ಕೆ ಬರೋಣ. ನಮ್ಮ ರೇಸ್‌ಕೋರ್ಸ್‌ಗಳಲ್ಲಿ ಓಡುವುದು ಥರೋಬ್ರೆಡ್ ತಳಿ ಮಾತ್ರ. ಬೈಯರ್ಲಿ ಟರ್ಕ್, ಡಾರ್ಲಿ ಅರೇಬಿಯನ್, ಗೊಡಾಲ್ಫಿನ್ ಅರೇಬಿಯನ್ ಎಂಬ ಮೂರು ಗಂಡು ಕುದುರೆಗಳಿಗೆ ಇವತ್ತಿನ ಪ್ರತಿ ಥರೋಬ್ರೆಡ್‌ನ ಗಂಡು ವಂಶ ಹೋಗಿ ಮುಟ್ಟುತ್ತದೆ. ಈ ತಳಿಯ ವಂಶ ದಾಖಲೆಯಾದ ಇಂಡಿಯನ್ ಸ್ಟಡ್ ಬುಕ್‌ನಲ್ಲಿ ಹೆಸರು ದಾಖಲಾಗದೆ ಒಂದು ಮರಿಯೂ ಟ್ರ್ಯಾಕ್‌ಗೆ ಇಳಿಯುವ ಹಾಗಿಲ್ಲ. ತಂದೆ ತಾಯಿ ಯಾರು ಅನ್ನುವುದನ್ನು ಡಿಎನ್‌ಎ ನೋಡಿ ಖಚಿತಪಡಿಸುತ್ತಾರೆ. ಕೃತಕ ಗರ್ಭಧಾರಣೆಯಿಂದ ಹುಟ್ಟಿದ ಮರಿಗೆ ಥರೋಬ್ರೆಡ್ ಅಂತ ನೋಂದಣಿ ಸಿಗುವುದೇ ಇಲ್ಲ. ಹಾಲು ಕರೆಯುವ ಹಸುವಿಗೆ ಊರೂರಲ್ಲಿ ಕೃತಕ ಗರ್ಭಧಾರಣೆ ಮಾಡಿಸುವ ನಾಡಿನಲ್ಲಿ ಈ ನಿಯಮ ಕೇಳಿ ಜನ ಅಚ್ಚರಿಪಡುತ್ತಾರೆ.

ಇನ್ನೊಂದು ವಿಚಿತ್ರ ಹುಟ್ಟುಹಬ್ಬದ್ದು. ಮರಿ ಯಾವ ತಿಂಗಳು ಹುಟ್ಟಿದರೂ ನಮ್ಮಲ್ಲಿ ಅದರ ವಯಸ್ಸು ಜನವರಿ 1ಕ್ಕೆ ಒಂದು ವರ್ಷ ಏರುತ್ತದೆ. ಜನವರಿಯಲ್ಲಿ ಹುಟ್ಟಿದ್ದಕ್ಕೂ ಏಪ್ರಿಲ್ ಕೊನೆಗೆ ಹುಟ್ಟಿದ್ದಕ್ಕೂ ದಾಖಲೆಯಲ್ಲಿ ಒಂದೇ ವಯಸ್ಸು. ಎರಡು ವರ್ಷದ ಕುದುರೆಗಳ ರೇಸ್‌ನಲ್ಲಿ ಆ ಮೂರು ನಾಲ್ಕು ತಿಂಗಳ ಬೆಳವಣಿಗೆ ದೊಡ್ಡ ಅಂತರ. ಹಾಗಂತ ತಡವಾಗಿ ಹುಟ್ಟಿದ ಮರಿಯನ್ನು ನಾನು ಬಿಡುವುದಿಲ್ಲ. ಬೆಲೆ ಕಡಿಮೆ ಇರುತ್ತದೆ. ಕಾಯುವ ಮನಸ್ಸಿದ್ದರೆ ಮೂರೂವರೆ ವರ್ಷದ ಹೊತ್ತಿಗೆ ಆ ಅಂತರ ಅಳಿಸಿಹೋಗುತ್ತದೆ. ಸಿಂಡಿಕೇಟ್‌ನವರಿಗೆ ಇದನ್ನು ಮೊದಲೇ ಹೇಳಿಬಿಡುತ್ತೇನೆ: ನಮ್ಮದು ಮುಂದಿನ ವರ್ಷದ ಕುದುರೆ, ಈ ವರ್ಷ ಬರೀ ಖರ್ಚು.

ಫಾರ್ಮ್‌ಗೆ ಹೋದಾಗ ಎಲ್ಲರೂ ಕ್ಯಾಟಲಾಗ್‌ನಲ್ಲಿ ತಂದೆಯ ಹೆಸರು ಹುಡುಕುತ್ತಾರೆ. ನಾನು ತಾಯಿಯ ಸಾಲು ಓದುತ್ತೇನೆ. ಒಂದು ಗಂಡು ಕುದುರೆಗೆ ವರ್ಷಕ್ಕೆ ಎಷ್ಟೋ ಮರಿಗಳು, ತಾಯಿಗೆ ಒಂದೇ. ಅದೂ ಹನ್ನೊಂದು ತಿಂಗಳು ಹೊತ್ತು ಹೆತ್ತದ್ದು. ಆ ತಾಯಿಯ ಹಿಂದಿನ ಮರಿಗಳು ಓಡಿದವಾ, ಎಷ್ಟು ವರ್ಷ ಓಡಿದವು, ಕಾಲು ಕೆಟ್ಟು ನಿಂತವಾ? ಅದಾದ ಮೇಲೆ ಮರಿಯನ್ನು ನಡೆಸಿ ನೋಡಬೇಕು. ನನ್ನ ಕಡೆಗೆ ನೇರವಾಗಿ ನಡೆದು ಬರಲಿ, ಆಮೇಲೆ ನನ್ನಿಂದ ದೂರ ಹೋಗಲಿ, ಕೊನೆಗೆ ಪಕ್ಕದಿಂದ. ಮುಂಗಾಲು ಹೊರಕ್ಕೆ ತಿರುಗಿದೆಯಾ, ಮಂಡಿ ಹಿಂದಕ್ಕೆ ಬಾಗಿದೆಯಾ, ಹಿಂಗಾಲಿನ ಗೊರಸು ಮುಂಗಾಲಿನ ಹೆಜ್ಜೆಯನ್ನು ದಾಟಿ ಬೀಳುತ್ತದೆಯಾ? ಸಲೀಸಾಗಿ ನಡೆಯುವ ಮರಿ ಸಲೀಸಾಗಿ ಓಡುತ್ತದೆ ಎಂಬುದು ಹಳೆಯ ಟ್ರೈನರ್‌ಗಳ ಮಾತು, ನನಗೂ ಅದು ನಿಜ ಅನ್ನಿಸಿದೆ. ಮಂಡಿ ಹಿಂದಕ್ಕೆ ಬಾಗಿದ್ದರೆ ಎಂಥ ತಂದೆಯ ಮಗನಾದರೂ ನನಗೆ ಬೇಡ. ಸುಮಾರು ಐನೂರು ಕಿಲೋ ತೂಕದ ದೇಹ ಗಂಟೆಗೆ ಅರವತ್ತು ಕಿಲೋಮೀಟರ್ ವೇಗದಲ್ಲಿ ಓಡುವಾಗ ಒಂದೊಂದು ಹೆಜ್ಜೆಗೂ ಇಡೀ ಭಾರ ಒಂದೇ ಕಾಲಿನ ಮೇಲೆ ಬೀಳುವ ಕ್ಷಣವಿರುತ್ತದೆ. ವಕ್ರ ಇರುವ ಮಂಡಿ ಅದನ್ನು ಬಹಳ ದಿನ ತಡೆಯುವುದಿಲ್ಲ.

ಕಾಗದ ಪತ್ರದ ಕೆಲಸ ಬೇಗ ಹೇಳಿ ಮುಗಿಸುತ್ತೇನೆ. ರೇಸ್ ನಡೆಸುವ ಟರ್ಫ್ ಕ್ಲಬ್ ಮಾಲೀಕತ್ವಕ್ಕೆ ಒಪ್ಪಿಗೆ ಕೊಡಬೇಕು, ಜಾಕಿ ತೊಡುವ ನಮ್ಮ ಬಣ್ಣದ ಅಂಗಿಯನ್ನು ನೋಂದಾಯಿಸಬೇಕು. ಕುದುರೆಯ ಹೆಸರು ಇಂಗ್ಲಿಷ್ ಅಕ್ಷರ, ನಡುವಿನ ಖಾಲಿ ಜಾಗ ಎಲ್ಲ ಸೇರಿ 18ನ್ನು ಮೀರುವಂತಿಲ್ಲ. ಪಾಲುದಾರರ ನಡುವೆ ಯಾರ ಪಾಲು ಎಷ್ಟು, ತಿಂಗಳ ಹಣ ಯಾವ ತಾರೀಖಿನೊಳಗೆ ಬರಬೇಕು, ಟ್ರೈನರ್ ಜೊತೆ ಮಾತಾಡುವವರು ಯಾರು ಎಂಬುದು ಬರಹದಲ್ಲಿರಬೇಕು. ಕೊನೆಯದು ಬಹಳ ಮುಖ್ಯ. ಹತ್ತು ಪಾಲುದಾರರು ಹತ್ತು ಫೋನ್ ಮಾಡಿದರೆ ಯಾವ ಟ್ರೈನರೂ ನಮ್ಮ ಕುದುರೆಯನ್ನು ಪ್ರೀತಿಯಿಂದ ನೋಡುವುದಿಲ್ಲ. ನಮ್ಮ ಸಿಂಡಿಕೇಟ್‌ನಲ್ಲಿ ಮಾತಾಡುವವನು ನಾನೊಬ್ಬನೇ. ಅದಕ್ಕೆ ಬದಲಾಗಿ ಪ್ರತಿ ವಾರ ಕುದುರೆ ಏನು ಕೆಲಸ ಮಾಡಿತು, ಏನು ತಿಂದಿತು, ಕಾಲು ಹೇಗಿದೆ ಎಂದು ಎಲ್ಲರಿಗೂ ಧ್ವನಿ ಸಂದೇಶ ಕಳಿಸುತ್ತೇನೆ. ಕೆಟ್ಟ ಸುದ್ದಿ ಇದ್ದರೆ ವಾರದ ತನಕ ಕಾಯುವುದಿಲ್ಲ, ಅವತ್ತೇ ಹೇಳುತ್ತೇನೆ.

ಟ್ರೈನರ್ ಆರಿಸುವಾಗ ಅವರ ಗೆಲುವಿನ ಪಟ್ಟಿಗಿಂತ ಮೊದಲು ಅವರ ಲಾಯ ನೋಡುತ್ತೇನೆ. ಕುದುರೆ ನೋಡಿಕೊಳ್ಳುವ ಸೈಸ್‌ಗಳು ಎಷ್ಟು ವರ್ಷದಿಂದ ಅಲ್ಲೇ ಇದ್ದಾರೆ? ಕುದುರೆಗಳು ಕಿವಿ ಮುಂದೆ ಮಾಡಿ ಬಾಗಿಲಿಗೆ ಬರುತ್ತವಾ, ಇಲ್ಲ ಗೋಡೆಗೆ ಮುಖ ಮಾಡಿ ನಿಂತಿವೆಯಾ? ಸೈಸ್ ಬದಲಾಗುತ್ತಲೇ ಇರುವ ಲಾಯದಲ್ಲಿ ನನ್ನ ಕುದುರೆ ಬಿಡಲು ಮನಸ್ಸು ಒಪ್ಪುವುದಿಲ್ಲ. ಕುದುರೆಯ ಜೊತೆ ದಿನದ ಬಹುಪಾಲು ಕಳೆಯುವವನು ಸೈಸ್. ನಾವು ಬಾಕ್ಸ್‌ನಲ್ಲಿ ಕೂತು ಟ್ರೋಫಿ ಹಿಡಿದು ಫೋಟೋ ತೆಗೆಸಿಕೊಳ್ಳುತ್ತೇವೆ. ಬೆಳಗಿನ ಜಾವ ನಾಲ್ಕು ಗಂಟೆಗೆ ಎದ್ದು ಲದ್ದಿ ಬಾಚಿ, ಮೈ ಉಜ್ಜಿ, ನಿನ್ನೆ ರಾತ್ರಿ ಹಾಕಿದ ಓಟ್ಸ್‌ನಲ್ಲಿ ಎಷ್ಟು ಮಿಕ್ಕಿದೆ ಅಂತ ನೋಡುವವನು ಅವನು. ಮೇವು ಮಿಕ್ಕಿದೆ ಎಂಬ ಅವನ ಒಂದು ಮಾತು ಎಷ್ಟೋ ಸಲ ಡಾಕ್ಟರ್‌ಗಿಂತ ಮುಂಚೆ ಕಾಯಿಲೆ ಹಿಡಿದುಕೊಟ್ಟಿದೆ. ಕುದುರೆಗೆ ವಾಂತಿ ಮಾಡಲು ಬರುವುದಿಲ್ಲ. ಹೊಟ್ಟೆನೋವು ಬಂದರೆ ಒಳಗಿನದು ಒಳಗೇ ಸಿಕ್ಕಿ ಗಂಟೆಗಳಲ್ಲಿ ಪ್ರಾಣಕ್ಕೆ ಬರಬಹುದು. ಅದಕ್ಕೇ ಆ ಮಿಕ್ಕ ಓಟ್ಸ್ ಅಷ್ಟು ದೊಡ್ಡ ಸುದ್ದಿ.

ಬೆಳಗ್ಗೆ ಟ್ರ್ಯಾಕ್‌ನಲ್ಲಿ ನಿಂತು ಕಲಿಯದೆ ಈ ಕೆಲಸ ಬರುವುದಿಲ್ಲ. ಕತ್ತಲಿರುವಾಗಲೇ ಮೊದಲ ತಂಡ ಮರಳಿನ ಟ್ರ್ಯಾಕ್‌ಗೆ ಬರುತ್ತದೆ. ದೂರದಿಂದ ಕುದುರೆ ಕಾಣುವ ಮುಂಚೆ ಉಸಿರು ಕೇಳಿಸುತ್ತದೆ. ಗ್ಯಾಲಪ್ ಮಾಡುವಾಗ ಕುದುರೆ ಒಂದು ಹೆಜ್ಜೆಗೆ ಒಂದೇ ಉಸಿರು ಎಳೆಯುತ್ತದೆ, ಹೆಜ್ಜೆಯ ಲಯಕ್ಕೆ ಉಸಿರಿನ ಲಯ ಕೂಡಿಕೊಂಡಿರುತ್ತದೆ. ಆ ಸದ್ದಿನಲ್ಲಿ ಸಣ್ಣದೊಂದು ಗೊರಗೊರ ಸೇರಿದರೆ ಹಳಬರು ತಿರುಗಿ ನೋಡುತ್ತಾರೆ. ಸ್ಟಾಪ್‌ವಾಚ್ ಹಿಡಿದವರು ಫರ್ಲಾಂಗ್ ಲೆಕ್ಕದಲ್ಲಿ ಕ್ಷಣ ಎಣಿಸುತ್ತಾರೆ. ಒಂದು ಫರ್ಲಾಂಗ್ ಅಂದರೆ ಸುಮಾರು 200 ಮೀಟರ್. ಕೆಲಸ ಮುಗಿಸಿ ಬಂದ ಕುದುರೆಯ ಉಸಿರು ಎಷ್ಟು ಬೇಗ ತಹಬಂದಿಗೆ ಬಂತು ಅನ್ನುವುದನ್ನು ನಾನು ಗಡಿಯಾರಕ್ಕಿಂತ ಹೆಚ್ಚು ನಂಬುತ್ತೇನೆ. ಸುಮ್ಮನಿದ್ದಾಗ ನಿಮಿಷಕ್ಕೆ ಮೂವತ್ತು ನಲವತ್ತು ಸಲ ಬಡಿಯುವ ಅದರ ಹೃದಯ ಪೂರ್ತಿ ಓಟದಲ್ಲಿ ಇನ್ನೂರು ದಾಟುತ್ತದೆ. ಅಲ್ಲಿಂದ ಎಷ್ಟು ಬೇಗ ಇಳಿಯುತ್ತದೋ ಅಷ್ಟು ಫಿಟ್.

ಆಮೇಲೆ ಕಾಲು. ಕುದುರೆ ತಣ್ಣಗಾದ ಮೇಲೆ ಸೈಸ್ ಪಕ್ಕದಲ್ಲಿ ಕೂತು ಮುಂಗಾಲಿನ ಹಿಂಭಾಗ ಮಂಡಿಯಿಂದ ಕೆಳಗೆ ಎರಡು ಬೆರಳಿನಲ್ಲಿ ಸವರಿಕೊಂಡು ಹೋಗಬೇಕು. ಎರಡು ಕಾಲೂ ಒಂದೇ ಥರ ತಣ್ಣಗಿರಬೇಕು. ಸ್ನಾಯುರಜ್ಜು ಬಿಗಿದ ಹಗ್ಗದ ಹಾಗೆ ಅಂಚು ಚೂಪಾಗಿ ಸಿಗಬೇಕು. ಒಂದು ಕಡೆ ಕೊಂಚ ಬಿಸಿ, ಅಂಚು ಕೊಂಚ ಮಂದ ಅನ್ನಿಸಿದರೆ ಅವತ್ತಿಗೆ ಎಲ್ಲ ನಿಲ್ಲಿಸಬೇಕು. ಆ ಹಂತದಲ್ಲಿ ಕುದುರೆ ಕುಂಟುವುದೂ ಇಲ್ಲ.

ನಮ್ಮ ಕೆಂಗಂದು ಫಿಲ್ಲಿಯೊಂದರ, ಅಂದರೆ ಎಳೆಯ ಹೆಣ್ಣು ಕುದುರೆಯ, ಕಾಲಿನಲ್ಲಿ ಹೀಗೇ ಆಯಿತು. ಸ್ಟಾರ್ಟಿಂಗ್ ಗೇಟ್ ಕಲಿತಿದ್ದಳು, ಅಭ್ಯಾಸಕ್ಕೆ ಓಡಿಸುವ ಮಾಕ್ ರೇಸ್‌ನಲ್ಲಿ ಚೆನ್ನಾಗಿ ಓಡಿದ್ದಳು, ಬೆಂಗಳೂರಿನ ಬೇಸಿಗೆ ಸೀಸನ್‌ನಲ್ಲಿ ಮೊದಲ ರೇಸ್‌ಗೆ ಎಂಟ್ರಿ ಕೂಡ ಹೋಗಿತ್ತು. ಎಡಗಾಲಿನಲ್ಲಿ ಬೆಚ್ಚಗೆ ಅಂತ ಸೈಸ್ ಹೇಳಿದ. ನಾನೂ ಮುಟ್ಟಿ ನೋಡಿದೆ. ಸ್ಕ್ಯಾನ್ ಮಾಡಿಸಿದರೆ ರಜ್ಜುವಿನ ಎಳೆಗಳಲ್ಲಿ ಸಣ್ಣ ಕಪ್ಪು ಚುಕ್ಕೆ. ಓಡಿಸಿದರೆ ಓಡುತ್ತಿದ್ದಳು, ಬಹುಶಃ ಗೆಲ್ಲುತ್ತಲೂ ಇದ್ದಳು, ಆದರೆ ಅದೇ ಕೊನೆಯ ಓಟವಾಗುತ್ತಿತ್ತು. ಪಾಲುದಾರರಲ್ಲಿ ಒಬ್ಬರು ಕುಟುಂಬದವರಿಗೆಲ್ಲ ಪಾಸ್ ಕೇಳಿ ಇಟ್ಟುಕೊಂಡಿದ್ದರು. ಅವರಿಗೆ ಫೋನ್ ಮಾಡಿ, ಎಂಟ್ರಿ ವಾಪಸ್ ತೆಗೆದಿದ್ದೇವೆ, ಇನ್ನು ತಿಂಗಳುಗಟ್ಟಲೆ ಬರೀ ನಡಿಗೆ, ಖರ್ಚು ಮಾತ್ರ ನಿಲ್ಲುವುದಿಲ್ಲ ಅಂದೆ. ಬೇಸರ ಮಾಡಿಕೊಂಡರು. ಮರುದಿನ ಲಾಯಕ್ಕೆ ಬಂದು ಅವಳ ಎರಡೂ ಕಾಲು ತಾವೇ ಮುಟ್ಟಿ ನೋಡಿದರು. ಅವರ ಬೆರಳಿಗೂ ಬಿಸಿ ತಿಳಿಯಿತು. ಅಲ್ಲಿಂದಾಚೆ ಅವರು ಯಾವತ್ತೂ ‘ಯಾವಾಗ ಓಡಿಸುತ್ತೀರಿ’ ಅಂತ ಕೇಳಿಲ್ಲ, ‘ಕಾಲು ಹೇಗಿದೆ’ ಅಂತ ಕೇಳುತ್ತಾರೆ. ಹೊಸ ಪಾಲುದಾರರನ್ನೆಲ್ಲ ಲಾಯಕ್ಕೆ ಕರೆದುಕೊಂಡು ಹೋಗಿ ಕಾಲು ಮುಟ್ಟಿಸುವ ಪದ್ಧತಿ ನಾನು ಶುರು ಮಾಡಿದ್ದು ಆಗಿನಿಂದ.

ಅವಳು ಮತ್ತೆ ಓಡಿದ್ದು ಮುಂದಿನ ವರ್ಷ ಮೈಸೂರಿನಲ್ಲಿ, ಚಾಮುಂಡಿ ಬೆಟ್ಟದ ಬುಡದ ಆ ಚೆಂದದ ಕೋರ್ಸ್‌ನಲ್ಲಿ. ಮಳೆ ಬಿದ್ದು ನೆಲ ಮೆತ್ತಗಿತ್ತು. ನೆಲ ಎಷ್ಟು ಮೆತ್ತಗಿದೆ ಎಂದು ಪೆನೆಟ್ರೋಮೀಟರ್‌ನಿಂದ ಅಳೆದು ಪ್ರಕಟಿಸುತ್ತಾರೆ. ಗಾಯಗೊಂಡು ಬಂದ ಕುದುರೆಗೆ ಗಟ್ಟಿ ನೆಲಕ್ಕಿಂತ ಇದು ವಾಸಿ ಅಂತ ಟ್ರೈನರ್ ಅಲ್ಲಿಗೇ ಕಾಯ್ದಿದ್ದರು. ಮೊದಲ ಓಟದಲ್ಲಿ ಮೂರನೆಯವಳಾದಳು. ಆಮೇಲೊಂದು 1200 ಮೀಟರ್ ರೇಸ್‌ನಲ್ಲಿ ಕೊನೆಯ ತಿರುವಿನ ತನಕ ಮಧ್ಯದಲ್ಲಿ ಸಿಕ್ಕಿಕೊಂಡಿದ್ದವಳು ಹೊರಗೆ ಜಾಗ ಸಿಕ್ಕ ಕೂಡಲೇ ನುಗ್ಗಿ ಬಂದು ಕುತ್ತಿಗೆಯಷ್ಟು ಅಂತರದಲ್ಲಿ ಗೆದ್ದಳು. ನಮ್ಮ ಪಾಲುದಾರರು, ದೊಡ್ಡ ಮನುಷ್ಯರು, ಸ್ಟ್ಯಾಂಡ್‌ನಲ್ಲಿ ಮಕ್ಕಳ ಹಾಗೆ ಕುಣಿದದ್ದನ್ನು ನಾನು ಮರೆಯಲಾರೆ. ಜಾಕಿ ಇಳಿದು ಮತ್ತೆ ತೂಕಕ್ಕೆ ನಿಂತು, ತೂಕ ಸರಿ ಅಂತಾಗುವ ತನಕ ಫಲಿತಾಂಶ ಪಕ್ಕಾ ಅಲ್ಲ. ಕುಣಿತದ ಮಧ್ಯೆಯೂ ನನ್ನ ಕಣ್ಣು ಆ ತಕ್ಕಡಿಯ ಕೋಣೆಯ ಕಡೆಗೇ ಇತ್ತು.

ಗೆದ್ದ ಮೇಲೆ ಸಂಕಟ ಬೇರೆ ಥರ ಶುರು. ಹ್ಯಾಂಡಿಕ್ಯಾಪರ್, ಅಂದರೆ ಯಾವ ಕುದುರೆ ಎಷ್ಟು ಭಾರ ಹೊತ್ತು ಓಡಬೇಕು ಎಂದು ನಿರ್ಧರಿಸುವವರು, ಅದರ ರೇಟಿಂಗ್ ಏರಿಸುತ್ತಾರೆ. ನಮ್ಮಲ್ಲಿ ರೇಟಿಂಗ್‌ನ ಒಂದು ಪಾಯಿಂಟ್‌ಗೆ ಅರ್ಧ ಕಿಲೋ ಭಾರ. ಹತ್ತು ಪಾಯಿಂಟ್ ಏರಿದರೆ ಅದೇ ಎದುರಾಳಿಗಳ ಜೊತೆ ಓಡುವಾಗ ಐದು ಕಿಲೋ ಹೆಚ್ಚು ಹೊರಬೇಕು, ಇಲ್ಲವೇ ಮೇಲಿನ ಕ್ಲಾಸಿಗೆ ಹೋಗಿ ಇನ್ನೂ ವೇಗದವರ ಜೊತೆ ಓಡಬೇಕು. ಎಲ್ಲ ಕುದುರೆಗಳೂ ಒಟ್ಟಿಗೆ ಗುರಿ ಮುಟ್ಟಬೇಕು ಅನ್ನುವುದೇ ಹ್ಯಾಂಡಿಕ್ಯಾಪರ್‌ನ ಆದರ್ಶ. ಹೊಸ ಮಾಲೀಕರಿಗೆ ಇದು ಅನ್ಯಾಯ ಅನ್ನಿಸುತ್ತದೆ. ನನಗೆ ಹಾಗನ್ನಿಸಿಲ್ಲ. ಈ ಪದ್ಧತಿ ಇಲ್ಲದಿದ್ದರೆ ದೊಡ್ಡ ಬೆಲೆಯ ನಾಲ್ಕು ಕುದುರೆಗಳು ಎಲ್ಲವನ್ನೂ ಗೆದ್ದುಕೊಂಡು ಹೋಗುತ್ತಿದ್ದವು, ನಮ್ಮಂಥ ಸಣ್ಣವರ ಕುದುರೆಗೆ ಒಂದು ರೇಸೂ ದಕ್ಕುತ್ತಿರಲಿಲ್ಲ. ಸಣ್ಣ ಮಾಲೀಕರನ್ನು ಈ ಆಟದಲ್ಲಿ ಉಳಿಸಿರುವುದೇ ಹ್ಯಾಂಡಿಕ್ಯಾಪ್.

ಇನ್ನು ದುಡ್ಡು. ತಿಂಗಳ ತರಬೇತಿ ಶುಲ್ಕ, ಡಾಕ್ಟರ್, ಔಷಧಿ, ಲಾಳ, ಎಂಟ್ರಿ ಫೀಸು, ಮೈಸೂರಿಗೋ ಹೈದರಾಬಾದಿಗೋ ಸಾಗಿಸುವ ವ್ಯಾನು, ಇವು ಕುದುರೆ ಓಡಲಿ ಬಿಡಲಿ ನಿಲ್ಲುವುದಿಲ್ಲ. ಬರುವ ದಾರಿ ಒಂದೇ, ಬಹುಮಾನದ ಹಣ. ಅದರಲ್ಲೂ ಟ್ರೈನರ್‌ಗೆ, ಜಾಕಿಗೆ ಪಾಲು ಹೋಗುತ್ತದೆ. ಹನ್ನೆರಡು ಕುದುರೆ ಓಡಿದರೆ ಗೆಲ್ಲುವುದು ಒಂದು. ಹಣ ಸಿಗುವುದು ಮುಂದಿನ ಕೆಲವು ಸ್ಥಾನಗಳಿಗೆ ಮಾತ್ರ. ಹೊಸಬರ ಮುಂದೆ ಈ ಲೆಕ್ಕವನ್ನು ಕಾಗದದ ಮೇಲೆ ಬರೆದು ತೋರಿಸುತ್ತೇನೆ. ಮೇಲೆ ಮೂರು ವರ್ಷದ ಪೂರ್ತಿ ಖರ್ಚು, ಕೆಳಗೆ ‘ಬಂದರೆ’ ಅಂತ ಒಂದು ಖಾಲಿ ಜಾಗ. ಆ ಜಾಗದಲ್ಲಿ ನಾನು ಯಾವ ಅಂಕಿಯನ್ನೂ ತುಂಬುವುದಿಲ್ಲ.

ಬಹುಮಾನದ ಹಣ ಎಲ್ಲಿಂದ ಬರುತ್ತದೆ ಎಂಬುದನ್ನು ಮಾಲೀಕನಾದವನು ತಿಳಿದಿರಬೇಕು. ಜನ ಟೋಟ್‌ನಲ್ಲಿ, ಅಂದರೆ ಕ್ಲಬ್ಬೇ ನಡೆಸುವ ಬೆಟ್ ಕೌಂಟರಿನಲ್ಲಿ, ಕಟ್ಟುವ ಹಣದಲ್ಲಿ ಕ್ಲಬ್ಬಿಗೆ ಸಿಗುವ ಕಮಿಷನ್, ಬುಕ್ಕಿಗಳಿಂದ ಬರುವ ಶುಲ್ಕ, ಪ್ರಾಯೋಜಕರು ಕೊಡುವುದು, ನಾವೇ ಕಟ್ಟುವ ಎಂಟ್ರಿ ಹಣ. 2017ರ ಜುಲೈಯಿಂದ ಬೆಟ್‌ನ ಪೂರ್ತಿ ಮೊತ್ತದ ಮೇಲೆ ಶೇ. 28 ಜಿಎಸ್‌ಟಿ ಬಂತು, 2025ರ ಸೆಪ್ಟೆಂಬರ್ 22ರಿಂದ ಅದು ಶೇ. 40 ಆಯಿತು. ಕ್ಲಬ್ಬಿನ ಕಮಿಷನ್ ಮೇಲೆ ತೆರಿಗೆ ಹಾಕಿದರೆ ಯಾರ ತಕರಾರೂ ಇಲ್ಲ. ಕಟ್ಟಿದ ನೂರು ರೂಪಾಯಿಯ ಮೇಲೇ ಹಾಕಿದರೆ ಜನ ಕದ್ದುಮುಚ್ಚಿ ನಡೆಯುವ ದಂಧೆಯ ಕಡೆ ಹೋಗುತ್ತಾರೆ. ಅಲ್ಲಿ ಸರ್ಕಾರಕ್ಕೂ ಏನೂ ಬರುವುದಿಲ್ಲ, ಕ್ಲಬ್ಬಿಗೂ ಬರುವುದಿಲ್ಲ. ಕ್ಲಬ್ಬಿಗೆ ಬರದಿದ್ದರೆ ಬಹುಮಾನ ಕುಗ್ಗುತ್ತದೆ, ಮಾಲೀಕ ಕುದುರೆ ಕೊಳ್ಳುವುದಿಲ್ಲ, ಸ್ಟಡ್ ಫಾರ್ಮ್‌ನಲ್ಲಿ ಮರಿ ಮಾರಾಟವಾಗುವುದಿಲ್ಲ, ಕೊನೆಗೆ ಪೆಟ್ಟು ಬೀಳುವುದು ಸೈಸ್‌ಗಳ ಮೇಲೆ, ಲಾಳ ಹೊಡೆಯುವವರ ಮೇಲೆ, ಹುಲ್ಲು ಬೆಳೆಯುವ ರೈತರ ಮೇಲೆ. ಈ ಮಾತನ್ನು ಕೇಳುವವರು ಸಿಕ್ಕ ಕಡೆಯೆಲ್ಲ ನಾನು ಗಟ್ಟಿಯಾಗಿ ಹೇಳುತ್ತೇನೆ.

ಪ್ರಚಾರದ ಕೆಲಸ ನನ್ನ ಮೇಲೆ ಬಿದ್ದದ್ದು ಈ ಕಾರಣಕ್ಕೇ. ಬೆಟ್ಟಿಂಗ್ ಹಣವೊಂದನ್ನೇ ನಂಬಿದರೆ ಈ ಆಟ ಉಳಿಯುವುದಿಲ್ಲ, ಕುದುರೆಯನ್ನು ನೋಡಲು ಬರುವ ಜನ ಬೇಕು. ಪರಿಚಯದ ಕಂಪನಿಗಳವರನ್ನು ಭೇಟಿಯಾಗಿ ಕಪ್ ಪ್ರಾಯೋಜಿಸಲು ಕೇಳುತ್ತೇನೆ. ಲೋಗೋ ಎಲ್ಲಿ ಬರುತ್ತದೆ ಅನ್ನುವುದಕ್ಕಿಂತ ಮುಂಚೆ ಅವರನ್ನು ಪ್ಯಾಡಕ್ ಪಕ್ಕ ನಿಲ್ಲಿಸಿ, ರೇಸ್‌ಗೆ ಮುಂಚೆ ಕುದುರೆಗಳು ಸುತ್ತು ಹಾಕುವುದನ್ನು ತೋರಿಸುತ್ತೇನೆ. ಯಾವುದು ಬೆವತಿದೆ, ಯಾವುದು ತಲೆ ತಗ್ಗಿಸಿ ಹಾಯಾಗಿ ನಡೆಯುತ್ತಿದೆ, ಯಾವುದರ ಕೂದಲು ಮಿಂಚುತ್ತಿದೆ ಎಂದು ಹೇಳಿಕೊಟ್ಟರೆ ಮುಂದಿನ ರೇಸ್‌ಗೆ ಅವರೇ ನನ್ನನ್ನು ಎಳೆದುಕೊಂಡು ಪ್ಯಾಡಕ್‌ಗೆ ಹೋಗುತ್ತಾರೆ. ಕಾಲೇಜು ಹುಡುಗ ಹುಡುಗಿಯರಿಗೆ ರೇಸ್ ಕಾರ್ಡ್ ಓದುವುದನ್ನು ಕಲಿಸುತ್ತೇನೆ. ಕುದುರೆಯ ತಂದೆ, ತಾಯಿ, ಭಾರ, ಗೇಟ್ ನಂಬರ್, ಹಿಂದಿನ ಓಟಗಳು, ಒಂದು ಪುಟದಲ್ಲಿ ಎಷ್ಟು ವಿಷಯ! ಬೆಟ್ ಕಟ್ಟಿ ಅಂತ ನಾನು ಯಾರಿಗೂ ಹೇಳಿಲ್ಲ. ಟಿಪ್ ಕೇಳಿದವರಿಗೆ ನನ್ನ ಉತ್ತರ ಒಂದೇ, ನನ್ನ ಕುದುರೆ ಆರೋಗ್ಯವಾಗಿದೆ, ಪ್ರಾಮಾಣಿಕವಾಗಿ ಓಡುತ್ತದೆ, ಅದಕ್ಕಿಂತ ಹೆಚ್ಚು ನನಗೂ ಗೊತ್ತಿಲ್ಲ.

ಸಿಂಡಿಕೇಟ್ ಒಪ್ಪಂದದಲ್ಲಿ ನಾನು ಬಿಡದೆ ಸೇರಿಸುವ ಒಂದು ಕಲಂ ಇದೆ. ಕುದುರೆ ಓಡುವುದು ಹೆಚ್ಚೆಂದರೆ ಏಳೆಂಟು ವರ್ಷದ ತನಕ, ಬದುಕುವುದು ಇಪ್ಪತ್ತೈದು ವರ್ಷ. ಆ ಉಳಿದ ವರ್ಷಗಳ ಹೊಣೆ ಯಾರದು? ತಿಂಗಳ ಹಣದಲ್ಲೇ ಒಂದು ಭಾಗ ಮೊದಲ ದಿನದಿಂದ ಬೇರೆ ಎತ್ತಿಡುತ್ತೇವೆ, ಗೆದ್ದಾಗ ಬಂದ ಹಣದಲ್ಲೂ ಒಂದು ಭಾಗ ಅಲ್ಲಿಗೇ ಹೋಗುತ್ತದೆ. ಓಟ ಮುಗಿಸಿದ ಕುದುರೆಯನ್ನು ಮದುವೆ ಮೆರವಣಿಗೆಗೋ ಜಟಕಾಕ್ಕೋ ಕೊಡುವಂತಿಲ್ಲ. ಹೆಣ್ಣಾಗಿ ತಳಿ ಚೆನ್ನಾಗಿದ್ದರೆ ಸ್ಟಡ್ ಫಾರ್ಮ್, ಇಲ್ಲವಾದರೆ ನಾವು ಕಣ್ಣಾರೆ ನೋಡಿ ಒಪ್ಪಿದ ರೈಡಿಂಗ್ ಶಾಲೆ. ಕೊಟ್ಟ ಮೇಲೂ ಹೋಗಿ ನೋಡುವ ಹಕ್ಕು, ಅವರಿಗೆ ಸಾಕಲು ಆಗದಿದ್ದರೆ ವಾಪಸ್ ತರುವ ಕರ್ತವ್ಯ ನಮ್ಮದು. ನಮ್ಮ ಕೆಂಗಂದು ಫಿಲ್ಲಿ ಈಗ ತಾಯಿಯಾಗಿದ್ದಾಳೆ. ಅವಳ ಮೊದಲ ಮರಿಯ ಮಂಡಿ ನೇರವಾಗಿದೆ, ನಡಿಗೆ ಸಲೀಸಾಗಿದೆ. ಅದರಲ್ಲಿ ಪಾಲು ಬೇಕು ಅಂತ ಹಳೆಯ ಪಾಲುದಾರರೆಲ್ಲ ಹೆಸರು ಕೊಟ್ಟಿದ್ದಾರೆ, ಕಲಂ ಓದಿ ಸಹಿ ಹಾಕುವ ಹೊಸಬರಿಗೆ ಎರಡು ಪಾಲು ಇಟ್ಟಿದ್ದೇನೆ.